ಹೆಸರು ಒಬ್ಬರ ಬಳಿ, ಪುಟ ಇನ್ನೊಬ್ಬರ ಬಳಿ, ಮೇಲ್ ಮತ್ತೊಬ್ಬರ ಬಳಿ

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ನಾಲ್ಕು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಡೊಮೇನ್ ಹೆಸರು ಕೊಂಡಿದ್ದೂ ಅವನೇ. ಮೊನ್ನೆ ಹೋಸ್ಟಿಂಗ್, ಅಂದರೆ ಸೈಟನ್ನು ಇಟ್ಟುಕೊಳ್ಳುವ ಕಂಪನಿ, ಬದಲಿಸಿದೆವು. ಹೊಸ ಕಂಪನಿಯವರು ಹೇಳಿದ ಹಾಗೆ ಅವನಿಂದಲೇ ನೇಮ್‌ಸರ್ವರ್ ಬದಲು ಮಾಡಿಸಿದೆ. ನನ್ನ ಮೊಬೈಲಿನಲ್ಲಿ ಹೊಸ ಪುಟ ಕಾಣುತ್ತದೆ, ಪುಣೆಯಲ್ಲಿರುವ ತಂಗಿಗೆ ಇನ್ನೂ ಹಳೆಯದೇ. ಆರ್ಡರ್ ಮೇಲ್ ಪೂರ್ತಿ ನಿಂತಿದೆ. ಹೋಸ್ಟಿಂಗ್‌ನವರು ಕೊಟ್ಟ ಐಪಿ ನಂಬರ್ ಹೊಡೆದರೆ ಬೇರೆ ಯಾವುದೋ ಪುಟ ತೆರೆಯುತ್ತದೆ. ಇದರ ಮಧ್ಯೆ, ‘ನಿಮ್ಮ ಡೊಮೇನ್ ಮುಗಿಯುತ್ತಿದೆ, ಹಣ ಕಟ್ಟಿ’ ಎಂದು ನನ್ನ ಜಿಮೇಲಿಗೆ ಒಂದು ಮೇಲ್ ಬಂದಿದೆ. ಅಸಲಿಗೆ ಈ ಹೆಸರು ನಮ್ಮದಾ, ಅವನದಾ? ಅದು ಇರುವುದಾದರೂ ಎಲ್ಲಿ? ಹಾಗೇ, ಕನ್ನಡದಲ್ಲೇ ಹೆಸರು ತೆಗೆದುಕೊಳ್ಳಬಹುದಾ?

ಉತ್ತರ: ಮೊದಲು ಮೇಲ್ ಸರಿ ಮಾಡಿಕೊಳ್ಳಿ. ಉಳಿದದ್ದು ನಾಳೆಗಾದರೂ ಆದೀತು, ಆರ್ಡರ್ ಕೊಡುವವರು ಕಾಯುವುದಿಲ್ಲ.

ನೀವು ಬದಲಿಸಬೇಕು ಅಂದುಕೊಂಡಿದ್ದು ವೆಬ್‌ಸೈಟ್ ಒಂದನ್ನೇ. ಆದರೆ ನೇಮ್‌ಸರ್ವರ್ ಅಂದರೆ ಡೊಮೇನ್ ಹೆಸರಿನ ದಾಖಲೆ ಇಟ್ಟುಕೊಂಡಿರುವ ಸರ್ವರ್. ಅದನ್ನು ಬದಲಿಸಿದರೆ ಆ ಹೆಸರಿಗೆ ಸೇರಿದ ಇಡೀ ದಾಖಲೆ ಪಟ್ಟಿಯೇ ಬದಲಾಗುತ್ತದೆ. ಆ ಪಟ್ಟಿಯಲ್ಲಿ ಹಲವು ಸಾಲುಗಳಿರುತ್ತವೆ. ‘ಎ’ ಎಂಬ ಸಾಲು ವೆಬ್‌ಸೈಟ್ ಯಾವ ಐಪಿ ವಿಳಾಸದಲ್ಲಿದೆ, ಅಂದರೆ ಜಾಲದ ಯಾವ ಅಂಕಿಯ ವಿಳಾಸದಲ್ಲಿದೆ ಎಂದು ಹೇಳುತ್ತದೆ. ‘ಎಂಎಕ್ಸ್’ ಎಂಬ ಸಾಲು ಮೇಲ್ ಯಾವ ಸರ್ವರಿಗೆ ಹೋಗಬೇಕು ಎಂದು ಹೇಳುತ್ತದೆ. ‘ಟಿಎಕ್ಸ್‌ಟಿ’ ಎಂಬ ಸಾಲಿನಲ್ಲಿ, ಈ ಹೆಸರಿನಲ್ಲಿ ಮೇಲ್ ಕಳಿಸಲು ಯಾರ್‍ಯಾರಿಗೆ ಅನುಮತಿ ಇದೆ ಎಂಬಂಥ ವಿವರಗಳಿರುತ್ತವೆ. ನಿಮ್ಮ ಮೇಲ್ ಪೆಟ್ಟಿಗೆ ಬಹುಶಃ ಮೂರನೆಯ ಕಂಪನಿಯೊಂದರಲ್ಲಿದೆ. ಅದರ ಎಂಎಕ್ಸ್ ಸಾಲು ಹಳೆಯ ಪಟ್ಟಿಯಲ್ಲಿತ್ತು. ಹೊಸ ಹೋಸ್ಟಿಂಗ್‌ನವರು ಹೊಸ ಪಟ್ಟಿ ಮಾಡಿದರು, ‘ಎ’ ಸಾಲಿನಲ್ಲಿ ತಮ್ಮ ಸರ್ವರ್ ಹಾಕಿಕೊಂಡರು. ಎಂಎಕ್ಸ್ ಏನಿತ್ತು ಎಂದು ಅವರಿಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಇಂಥ ಕಡೆ ಸಾಮಾನ್ಯವಾಗಿ ಎಂಎಕ್ಸ್ ಜಾಗಕ್ಕೂ ಅವರದೇ ಸರ್ವರ್ ಬಂದು ಕೂತಿರುತ್ತದೆ.

ಹಾಗಾಗಿ ಮೊದಲ ಕೆಲಸ: ಹೊಸ ಹೋಸ್ಟಿಂಗ್‌ನ ಪ್ಯಾನೆಲ್‌ಗೆ ಹೋಗಿ, ಅಲ್ಲಿನ ವೆಬ್‌ಮೇಲ್ ತೆರೆದು ನೋಡಿ. ಎರಡು ದಿನದ ಆರ್ಡರ್ ಸುಮ್ನೆ ಅಲ್ಲಿ ಬಿದ್ದಿರುವ ಸಾಧ್ಯತೆ ಇದೆ. ಎಂಎಕ್ಸ್ ಸಾಲು ಪೂರ್ತಿ ಇಲ್ಲದಿದ್ದರೂ ಮೇಲ್ ಕಳಿಸುವ ಸರ್ವರ್‌ಗಳು ಕೈಚೆಲ್ಲುವುದಿಲ್ಲ, ‘ಎ’ ಸಾಲಿನಲ್ಲಿರುವ ವೆಬ್ ಸರ್ವರಿಗೇ ತಲುಪಿಸಲು ನೋಡುತ್ತವೆ. ಅದು ಒಪ್ಪದಿದ್ದರೆ ಕಳಿಸಿದವರಿಗೆ ‘ತಲುಪಲಿಲ್ಲ’ ಎಂದು ವಾಪಸ್ ಹೋಗಿರುತ್ತದೆ. ಖಾಯಂ ಗಿರಾಕಿಗಳಿಗೆ ಒಂದು ಫೋನ್ ಮಾಡಿಬಿಡಿ.

ಎರಡನೆಯ ಕೆಲಸ: ಮೇಲ್ ಕಂಪನಿಯ ಸಹಾಯ ಪುಟದಲ್ಲಿ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ಸಾಲುಗಳು ಹೇಗಿರಬೇಕು ಎಂದು ಬರೆದಿರುತ್ತಾರೆ. ಅವನ್ನು ಹೊಸ ಪಟ್ಟಿಗೆ ಸೇರಿಸಿ. ಹೋಸ್ಟಿಂಗ್‌ನವರು ಹಾಕಿದ ಎಂಎಕ್ಸ್ ಅಳಿಸಿ. ಎರಡೂ ಇದ್ದರೆ ಅರ್ಧ ಮೇಲ್ ಇಲ್ಲಿಗೆ, ಅರ್ಧ ಅಲ್ಲಿಗೆ ಹೋಗಿ ಇನ್ನೂ ಜಾಸ್ತಿ ತಲೆನೋವು. ಹುಡುಗ ‘ಹಳೆಯ ಪಟ್ಟಿಯನ್ನೇ ಪೂರ್ತಿ ಕಾಪಿ ಮಾಡಿಬಿಡ್ತೀನಿ’ ಎಂದರೆ ಬೇಡ ಅನ್ನಿ. ಯಾಕೆ ಎನ್ನುವುದನ್ನು ಕೆಳಗೆ ಹೇಳುತ್ತೇನೆ.

ಈಗ ತಂಗಿಯ ವಿಷಯ. ನಿಮ್ಮ ಡೊಮೇನನ್ನು ಇಲ್ಲಿ ‘ಹಾಳೆತಟ್ಟೆ ಡಾಟ್ ಇನ್’ ಎಂದಿಟ್ಟುಕೊಳ್ಳೋಣ.

ತಂಗಿ ಪುಣೆಯಲ್ಲಿ ಕೂತು ಬ್ರೌಸರಿನಲ್ಲಿ ಈ ಹೆಸರು ಹೊಡೆಯುತ್ತಾರೆ. ಜಾಲದಲ್ಲಿ ಮಾಹಿತಿ ಹೋಗುವುದು ಬರುವುದು ಅಂಕಿಯ ವಿಳಾಸದ ಮೇಲೆ, ಹೆಸರಿನ ಮೇಲಲ್ಲ. ಆದ್ದರಿಂದ ಬ್ರೌಸರ್ ಮೊದಲು ಅಂಕಿ ಕೇಳಬೇಕು. ಕೇಳುವುದು ಅವರ ಇಂಟರ್‌ನೆಟ್ ಕಂಪನಿ ಇಟ್ಟಿರುವ ರಿಸಾಲ್ವರ್ ಎಂಬ ಸರ್ವರನ್ನು. ಕೆಲವರು ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿಕೊಂಡಿರುತ್ತಾರೆ. ಅವೂ ರಿಸಾಲ್ವರ್‌ಗಳೇ.

ರಿಸಾಲ್ವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಹೆಸರನ್ನು ಬಲದಿಂದ ಎಡಕ್ಕೆ ಓದಿಕೊಂಡು ಹೊರಡುತ್ತದೆ. ಎಲ್ಲಕ್ಕಿಂತ ಮೇಲಿರುವುದು ರೂಟ್. ರೂಟ್ ಸರ್ವರಿಗೆ ಹಾಳೆತಟ್ಟೆ ಗೊತ್ತಿಲ್ಲ. ಅದು ‘ಡಾಟ್ ಇನ್ ನೋಡಿಕೊಳ್ಳುವವರು ಇವರು, ಅವರನ್ನು ಕೇಳು’ ಎಂದಷ್ಟೇ ಹೇಳುತ್ತದೆ. ಡಾಟ್ ಇನ್‌ನ ಸರ್ವರಿಗೂ ನಿಮ್ಮ ಐಪಿ ಗೊತ್ತಿಲ್ಲ. ಅದರಲ್ಲಿ ಇರುವುದು ನಿಮ್ಮ ನೇಮ್‌ಸರ್ವರ್‌ಗಳ ಹೆಸರು. ‘ಹಾಳೆತಟ್ಟೆಯ ಪಟ್ಟಿ ಇವರ ಹತ್ತಿರ ಇದೆ’ ಎನ್ನುತ್ತದೆ. ಕೊನೆಗೆ ಆ ನೇಮ್‌ಸರ್ವರ್ ‘ಎ’ ಸಾಲು ತೆಗೆದು ನಾಲ್ಕು ಅಂಕಿಯ ವಿಳಾಸ ಕೊಡುತ್ತದೆ. ಇಷ್ಟೂ ಮುಗಿಯುವುದು ಕಣ್ಣು ಮಿಟುಕಿಸುವುದರೊಳಗೆ.

ಪ್ರತಿ ಉತ್ತರದ ಜೊತೆಗೆ ಒಂದು ಸಂಖ್ಯೆ ಬರುತ್ತದೆ. ಅದು ಟಿಟಿಎಲ್. ‘ಈ ಉತ್ತರವನ್ನು ಇಷ್ಟು ಸೆಕೆಂಡು ಇಟ್ಟುಕೊಳ್ಳಬಹುದು’ ಎಂಬ ಅವಧಿ. 3600 ಇದ್ದರೆ ಒಂದು ಗಂಟೆ, 86400 ಇದ್ದರೆ ಒಂದು ದಿನ. ಆ ಅವಧಿ ಮುಗಿಯುವ ತನಕ ಬೇರೆ ಯಾರೇ ಕೇಳಿದರೂ ರಿಸಾಲ್ವರ್ ಮತ್ತೆ ವಿಚಾರಿಸಲು ಹೋಗುವುದಿಲ್ಲ, ತನ್ನಲ್ಲಿರುವ ನಕಲನ್ನೇ ಕೊಡುತ್ತದೆ. ಡಾಟ್ ಕಾಮ್‌ನ ಸರ್ವರ್‌ಗಳು ನೇಮ್‌ಸರ್ವರ್ ಯಾರು ಎಂದು ಹೇಳುವಾಗ ಕೊಡುವ ಅವಧಿ 1,72,800 ಸೆಕೆಂಡು. ಲೆಕ್ಕ ಹಾಕಿ, ಸರಿಯಾಗಿ ಎರಡು ದಿನ. ಸಹಾಯವಾಣಿಯವರು ಎಲ್ಲದಕ್ಕೂ ‘48 ಗಂಟೆ ಕಾಯಿರಿ’ ಅನ್ನುವುದಕ್ಕೆ ಹಿನ್ನೆಲೆ ಇದೇ.

ಹೊಸ ವಿಳಾಸ ಲೋಕಕ್ಕೆಲ್ಲ ಹರಡಲು ಅಷ್ಟು ಹೊತ್ತು ಬೇಕು ಎಂದು ಅವರು ವಿವರಿಸುತ್ತಾರೆ. ಅದು ಸರಿಯಲ್ಲ. ಏನೂ ಹರಡುವುದಿಲ್ಲ. ನೀವು ಬದಲಿಸಿದ ಸುದ್ದಿಯನ್ನು ಯಾರೂ ಯಾರಿಗೂ ಕಳಿಸುವುದಿಲ್ಲ. ಅಲ್ಲಲ್ಲಿ ಉಳಿದ ಹಳೆಯ ನಕಲುಗಳು ತಮ್ಮ ತಮ್ಮ ಅವಧಿ ಮುಗಿದಂತೆ ಸಾಯುತ್ತವೆ, ಅಷ್ಟೇ. ನಿಮ್ಮ ಮೊಬೈಲ್ ಕಂಪನಿಯ ರಿಸಾಲ್ವರಿನಲ್ಲಿ ನಕಲು ಸತ್ತಿದೆ, ತಂಗಿಯ ಕಡೆ ಇನ್ನೂ ಬದುಕಿದೆ. ಮುಂದಿನ ಸಲ ಸರ್ವರ್ ಬದಲಿಸುವ ಒಂದೆರಡು ದಿನ ಮುಂಚೆಯೇ ಹಳೆಯ ಪಟ್ಟಿಯಲ್ಲಿ ಟಿಟಿಎಲ್ ಅನ್ನು 300ಕ್ಕೆ ಇಳಿಸಿ. ಹೊಸ ಪಟ್ಟಿಯನ್ನೂ ಮುಂಚೆಯೇ ಪೂರ್ತಿ ತಯಾರಿಟ್ಟುಕೊಂಡು ಆಮೇಲೆ ನೇಮ್‌ಸರ್ವರ್ ಬದಲಿಸಿ. ಈ ಸಲಕ್ಕೆ, ಹಳೆಯ ಹೋಸ್ಟಿಂಗನ್ನು ಇನ್ನೊಂದು ವಾರ ರದ್ದು ಮಾಡಬೇಡಿ. ಹಳೆಯ ಪುಟ ಕಾಣುವುದು, ಏನೂ ಕಾಣದೆ ಇರುವುದಕ್ಕಿಂತ ವಾಸಿ.

ಎರಡು ದಿನ ಕಳೆದ ಮೇಲೂ ತಂಗಿಗೆ ಹಳೆಯದೇ ಕಂಡರೆ ‘ಎಎಎಎ’ ಎಂಬ ಸಾಲು ಇದೆಯಾ ನೋಡಿ. ಹಳೆಯ ಪಟ್ಟಿಯನ್ನು ಪೂರ್ತಿ ಕಾಪಿ ಮಾಡಬೇಡಿ ಎಂದದ್ದು ಇದಕ್ಕೇ. ಐಪಿ ವಿಳಾಸದಲ್ಲಿ ಎರಡು ಬಗೆ ಇವೆ. ಹಳೆಯದು 203.0.113.25 ಎನ್ನುವ ಥರದ್ದು. ನಾಲ್ಕು ಅಂಕಿ, ಒಂದೊಂದೂ 0ಯಿಂದ 255ರ ಒಳಗೆ. ಹೀಗೆ ಒಟ್ಟು ಸುಮಾರು 429 ಕೋಟಿ ವಿಳಾಸ ಮಾತ್ರ ಸಾಧ್ಯ. ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನೂ ಹಂಚಿ ಮುಗಿಸಿದರು. ಹೊಸ ಬಗೆ ಐಪಿವಿ6. ಇದರಲ್ಲಿ ವಿಳಾಸಕ್ಕೆ ಬರ ಇಲ್ಲ. ‘ಎ’ ಸಾಲಿನಲ್ಲಿ ಇರುವುದು ಹಳೆಯ ಬಗೆಯ ವಿಳಾಸ, ‘ಎಎಎಎ’ ಸಾಲಿನಲ್ಲಿ ಹೊಸ ಬಗೆಯದು. ಭಾರತದ ಮೊಬೈಲ್ ಜಾಲಗಳು ಐಪಿವಿ6ಗೆ ಬೇಗ ಹೋದವು, ಜಿಯೋ ಬಂದ ಮೇಲಂತೂ ಜೋರಾಗಿ. ‘ಎ’ ಮಾತ್ರ ಬದಲಿಸಿ ‘ಎಎಎಎ’ಯನ್ನು ಹಳೆಯ ಸರ್ವರಿನಲ್ಲೇ ಬಿಟ್ಟರೆ ಕೆಲವರಿಗೆ ಹೊಸ ಪುಟ, ಕೆಲವರಿಗೆ ಹಳೆಯದು. ಟಿಟಿಎಲ್ ಮುಗಿದರೂ ಈ ಗೋಳು ಮುಗಿಯುವುದಿಲ್ಲ. ನುರಿತವರೂ ಮರೆಯುವ ಸಾಲು ಇದು.

ಐಪಿ ನಂಬರ್ ಹೊಡೆದಾಗ ಬೇರೆಯವರ ಪುಟ ಬಂದದ್ದಕ್ಕೆ ಗಾಬರಿ ಬೇಡ. ವಿಳಾಸಗಳ ಬರ ಅಂದೆನಲ್ಲ, ಅದರ ಫಲವೇ ಇದು. ಕಡಿಮೆ ದರದ ಹೋಸ್ಟಿಂಗ್‌ನಲ್ಲಿ ಒಂದೇ ಐಪಿ ಮೇಲೆ ನೂರಾರು ಸೈಟ್ ಇರುತ್ತವೆ. ಬ್ರೌಸರ್ ಆ ಸರ್ವರಿಗೆ ಹೋದ ಮೇಲೆ ‘ನನಗೆ ಬೇಕಾದ್ದು ಹಾಳೆತಟ್ಟೆ ಡಾಟ್ ಇನ್’ ಎಂದು ಹೆಸರನ್ನೂ ಹೇಳುತ್ತದೆ. ಅದನ್ನು ನೋಡಿ ಸರ್ವರ್ ಸರಿಯಾದ ಪುಟ ಕೊಡುತ್ತದೆ. ನೀವು ಬರೀ ನಂಬರ್ ಹೊಡೆದಿರಿ, ಹೆಸರು ಹೇಳಲಿಲ್ಲ. ಅದು ತನ್ನ ಪಟ್ಟಿಯಲ್ಲಿ ಮೊದಲಿದ್ದವರ ಪುಟ ತೋರಿಸಿತು.

ಹೆಸರು ಇರುವುದು ಎಲ್ಲಿ ಎಂದು ಕೇಳಿದ್ದೀರಿ. ಮೊದಲು ಎಲ್ಲ ಹೆಸರೂ ಒಂದೇ ಕಡತದಲ್ಲಿದ್ದವು. ಅಮೆರಿಕದಲ್ಲಿ ಇಂಟರ್‌ನೆಟ್ಟಿಗಿಂತ ಮುಂಚೆ ಅರ್ಪಾನೆಟ್ ಎಂಬ ಜಾಲ ಇದ್ದಾಗ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಕಡತವನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು, ಅವರು ಒಂದು ಸಾಲು ಬರೆಯಬೇಕು, ಉಳಿದವರೆಲ್ಲ ಆಗಾಗ ಹೊಸ ಕಡತ ಇಳಿಸಿಕೊಳ್ಳಬೇಕು. ಕಂಪ್ಯೂಟರ್ ಜಾಸ್ತಿಯಾದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್, ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಈಗಿನ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಅದರ ಜಾಣತನ ಇರುವುದು ಒಂದೇ ಕಡೆ: ಪೂರ್ತಿ ಪಟ್ಟಿ ಯಾರ ಬಳಿಯೂ ಇರಬೇಕಿಲ್ಲ. ತನ್ನ ಕೆಳಗಿನವರು ಯಾರು ಎಂದಷ್ಟೇ ಪ್ರತಿಯೊಬ್ಬರಿಗೂ ಗೊತ್ತಿದ್ದರೆ ಸಾಕು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಡಾಟ್ ಕಾಮ್ ನೋಂದಣಿಯಾಯಿತು, ಅದು ಮೊದಲ ಡಾಟ್ ಕಾಮ್. ಈಗ ಕೋಟಿಗಟ್ಟಲೆ ಹೆಸರುಗಳಿದ್ದರೂ ಕೆಲಸ ನಡೆಯುವುದು ಅದೇ ರೀತಿ.

ರೂಟ್ ಸರ್ವರ್‌ಗಳಿಗೆ ‘ಎ’ಯಿಂದ ‘ಎಂ’ವರೆಗೆ 13 ಹೆಸರು. 13 ಯಾಕೆ ಅಂದರೆ, ಆಗಿನ ನಿಯಮದ 512 ಬೈಟಿನ ಒಂದು ಉತ್ತರದಲ್ಲಿ ಅಷ್ಟೇ ಹಿಡಿಸುತ್ತಿತ್ತು. ಇದನ್ನು ಕೇಳಿ ‘ಇಡೀ ಇಂಟರ್‌ನೆಟ್ 13 ಕಂಪ್ಯೂಟರ್ ಮೇಲೆ ನಿಂತಿದೆ’ ಎಂದು ವಾಟ್ಸಾಪಿನಲ್ಲಿ ಬರೆಯುವವರಿದ್ದಾರೆ. ಹೆಸರು 13 ನಿಜ. ಯಂತ್ರಗಳು ಸಾವಿರಕ್ಕೂ ಹೆಚ್ಚು ಕಡೆ ಹರಡಿವೆ, ಭಾರತದಲ್ಲೂ ಇವೆ. ನಡೆಸುವವರು 12 ಸಂಸ್ಥೆಗಳು. ಅವುಗಳಲ್ಲಿ ನಾಸಾ ಇದೆ, ಅಮೆರಿಕದ ಸೇನೆ ಇದೆ, ವಿಶ್ವವಿದ್ಯಾಲಯಗಳೂ ಇವೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಎಂದು 2021ರ ಅಕ್ಟೋಬರ್ 4ರಂದು ಎಲ್ಲರೂ ನೋಡಿದ್ದೇವೆ. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಲಗಿದವಲ್ಲ, ಆ ದಿನ. ಅವರ ಯಂತ್ರಗಳು ಕೆಟ್ಟಿರಲಿಲ್ಲ. ನಿರ್ವಹಣೆಯ ವೇಳೆ ಆದ ತಪ್ಪಿನಿಂದ ಅವರ ಒಳಗಿನ ಜಾಲ ತುಂಡಾಯಿತು, ಅವರ ನೇಮ್‌ಸರ್ವರ್‌ಗಳು ಹೊರಗಿನವರಿಗೆ ಸಿಗದಂತಾದವು. ಹೆಸರು ಕೇಳಿದರೆ ಅಂಕಿ ಹೇಳುವವರಿಲ್ಲ. ಲೋಕದ ಲೆಕ್ಕದಲ್ಲಿ ಫೇಸ್‌ಬುಕ್ ಇಲ್ಲವೇ ಇಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಹೆಸರು ಯಾರದು?

ಮೂವರಿದ್ದಾರೆ. ಡಾಟ್ ಇನ್ ಎಂಬ ಇಡೀ ವಿಭಾಗವನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಇದು ರಿಜಿಸ್ಟ್ರಿ. ಅದರ ಕೆಳಗೆ ಹೆಸರು ಮಾರುವ ಕಂಪನಿಗಳು, ಅವು ರಿಜಿಸ್ಟ್ರಾರ್. ಕೊನೆಗೆ ಹೆಸರು ಪಡೆದವರು. ಜಮೀನು ಯಾರು ಉಳುತ್ತಾರೆ ಎನ್ನುವುದಕ್ಕಿಂತ ಪಹಣಿಯಲ್ಲಿ ಯಾರ ಹೆಸರಿದೆ ಎನ್ನುವುದು ಮುಖ್ಯ ಅಲ್ವಾ? ಇಲ್ಲೂ ಹಾಗೇ. ದುಡ್ಡು ಕೊಟ್ಟವರು ನೀವು, ಬಳಸುವವರು ನೀವು, ಡಬ್ಬದ ಮೇಲೆ ಅಚ್ಚು ಹಾಕಿಸಿದವರು ನೀವು. ಆದರೆ ರಿಜಿಸ್ಟ್ರಾರ್ ದಾಖಲೆಯಲ್ಲಿ ಹುಡುಗನ ಹೆಸರು, ಅವನ ಮೇಲ್ ಐಡಿ ಇದ್ದರೆ, ಕಾಗದದ ಲೆಕ್ಕದಲ್ಲಿ ಹೆಸರು ಅವನದು. ಅವನು ಒಳ್ಳೆಯವನೇ ಇರಬಹುದು. ಕೇಳಿದ ತಕ್ಷಣ ನೇಮ್‌ಸರ್ವರ್ ಬದಲಿಸಿಕೊಟ್ಟಿದ್ದಾನೆ. ಆದರೂ ಸಂಬಂಧ ಚೆನ್ನಾಗಿರುವಾಗಲೇ ಇದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಂಥ ಜಗಳಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಮೋಸದಿಂದ ಆದವು ಕಡಿಮೆ. ಫೋನ್ ನಂಬರ್ ಬದಲಾಗಿ, ಮೇಲ್ ಐಡಿ ಮರೆತುಹೋಗಿ, ಆ ವ್ಯಕ್ತಿ ಎಲ್ಲೋ ದೂರ ಹೋಗಿ ಆದವೇ ಜಾಸ್ತಿ.

ಮತ್ತೆ, ಪೂರ್ತಿ ಒಡೆತನ ಅನ್ನುವುದು ಯಾರಿಗೂ ಇಲ್ಲ. ಅವಧಿಗೆ ಪಡೆಯುವುದು, ರಿನ್ಯೂ ಮಾಡುತ್ತಾ ಹೋಗುವುದು. ಒಂದೇ ಸಲ ಹೆಚ್ಚೆಂದರೆ 10 ವರ್ಷಕ್ಕೆ ಕಟ್ಟಬಹುದು.

ಮಾಡಬೇಕಾದ್ದು ಹೀಗೆ. ಹುಡುಗ ಯಾವ ರಿಜಿಸ್ಟ್ರಾರ್ ಬಳಿ ಕೊಂಡಿದ್ದಾನೋ ಅಲ್ಲೇ ನೀವೂ ಒಂದು ಖಾತೆ ತೆರೆಯಿರಿ. ಒಂದೇ ಕಂಪನಿಯೊಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ಕೊಡುವುದು ಸುಲಭ, ವೆಬ್‌ಸೈಟಿಗೂ ಮೇಲ್‌ಗೂ ಏನೂ ಆಗುವುದಿಲ್ಲ. ಬೇರೆ ಕಂಪನಿಗೇ ಹೋಗಬೇಕು ಅಂದರೆ ಅವನು ತನ್ನ ಖಾತೆಯಿಂದ ಆಥ್ ಕೋಡ್ ಎಂಬ ಗುಪ್ತ ಸಂಕೇತ ತೆಗೆದುಕೊಡಬೇಕು. ಹೆಸರು ಬಂದ ಮೇಲೆ ಲಾಕ್ ಹಾಕಿ. ಆಮೇಲೆ ಡೊಮೇನಿನ ನೋಂದಣಿ ವಿವರ ತೋರಿಸುವ ‘ಹೂಈಸ್’ ಹುಡುಕಾಟದಲ್ಲಿ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂದು ಕಾಣುತ್ತದೆ. ಓದಿದರೆ ಏನೋ ದಂಡ ಬಿದ್ದ ಹಾಗೆ ಅನ್ನಿಸುತ್ತದೆ. ಅದು ಒಳ್ಳೆಯದೇ. ಯಾರೂ ಹೆಸರನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗುವ ಹಾಗಿಲ್ಲ ಎಂದರ್ಥ.

ರಿಜಿಸ್ಟ್ರಾರ್ ಖಾತೆಗೆ ಕೊಡುವ ಮೇಲ್ ಐಡಿ ಮಾತ್ರ ಇದೇ ಡೊಮೇನಿನದು ಆಗಿರಬಾರದು. ಇದನ್ನು ಬಹಳ ಜನ ಯೋಚಿಸುವುದಿಲ್ಲ. ಹೆಸರು ಅವಧಿ ಮುಗಿದು ನಿಂತರೆ ಆ ಮೇಲೂ ನಿಲ್ಲುತ್ತದೆ. ಖಾತೆಗೆ ಹೋಗಲು ಒಟಿಪಿ ಬರುವುದು ಆ ಮೇಲ್‌ಗೇ. ಅದು ತೆರೆಯಬೇಕಾದರೆ ಮೊದಲು ಖಾತೆಗೆ ಹೋಗಬೇಕು! ನಿಮ್ಮ ಜಿಮೇಲನ್ನೇ ಕೊಡಿ, ಮನೆಯ ಇನ್ನೊಬ್ಬರ ನಂಬರನ್ನೂ ಸೇರಿಸಿ.

ರಿನ್ಯೂ ವಿಷಯದಲ್ಲಿ ಆಟೋ ರಿನ್ಯೂ ನೆಚ್ಚಿಕೊಂಡು ಕೂರಬೇಡಿ. 2021ರ ಅಕ್ಟೋಬರ್‌ನಿಂದ ಕಾರ್ಡಿನಿಂದ ತಾನಾಗಿ ದುಡ್ಡು ಹೋಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೆಚ್ಚಿನ ನಿಯಮಗಳಿವೆ. ಹೊರದೇಶದ ಕಂಪನಿಗಳಿಗೆ ಇಂಥ ಪಾವತಿ ಎಷ್ಟೋ ಸಲ ಹೋಗುವುದೇ ಇಲ್ಲ. ದೊಡ್ಡವರೂ ಮರೆತದ್ದುಂಟು. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್‌ನವರು ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ಶುಲ್ಕ ಕಟ್ಟಲು ಮರೆತರು. ಹಾಟ್‌ಮೇಲ್ ಲಾಗಿನ್ ಆ ಹೆಸರಿನ ಮೂಲಕ ಆಗುತ್ತಿತ್ತು, ಅಲ್ಲಿಗೆ ಜನ ಒಳಗೆ ಹೋಗಲಾಗದೆ ಒದ್ದಾಡಿದರು. ಕೊನೆಗೆ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ಕಾರಣ ಹುಡುಕಿ, ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಅವಧಿ ಮುಗಿದ ತಕ್ಷಣ ಹೆಸರು ಹೋಗುವುದಿಲ್ಲ. ಮೊದಲು ರಿಜಿಸ್ಟ್ರಾರ್ ಕೊಡುವ ಕೆಲ ದಿನಗಳ ರಿಯಾಯಿತಿ, ಆಮೇಲೆ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಅದೂ ಆದ ಮೇಲೆ 5 ದಿನ ಯಾರಿಗೂ ಇಲ್ಲ, ನಂತರ ಬಯಲಿಗೆ. ಆ ಗಳಿಗೆಗೆ ಕಾದು ಹೆಸರು ಹಿಡಿಯುವ ವ್ಯಾಪಾರಿಗಳೇ ಇದ್ದಾರೆ.

ನಿಮಗೆ ಬಂದ ‘ಹಣ ಕಟ್ಟಿ’ ಮೇಲ್ ನಿಜವೋ ಸುಳ್ಳೋ ಗೊತ್ತು ಮಾಡಿಕೊಳ್ಳುವುದು ಸುಲಭ. ಹೂಈಸ್‌ನಲ್ಲಿ ನಿಮ್ಮ ಡೊಮೇನ್ ಹೆಸರು ಹಾಕಿ. ಒಡೆಯರ ವಿವರ ಮುಚ್ಚಿಟ್ಟಿದ್ದರೂ ಮುಗಿಯುವ ತಾರೀಕು, ರಿಜಿಸ್ಟ್ರಾರ್ ಯಾರು ಎನ್ನುವುದು ಕಾಣುತ್ತದೆ. ಮೇಲ್ ಕಳಿಸಿದವರು ಆ ರಿಜಿಸ್ಟ್ರಾರ್ ಅಲ್ಲದಿದ್ದರೆ ಅಳಿಸಿಬಿಡಿ. ನನಗಂತೂ ಅನುಮಾನ ಜಾಸ್ತಿ ಇದೆ. ಯಾಕೆಂದರೆ ಹೆಸರು ಹುಡುಗನ ಖಾತೆಯಲ್ಲಿದ್ದರೆ ನಿಜವಾದ ಸೂಚನೆ ಅವನಿಗೆ ಹೋಗಬೇಕಿತ್ತು. ನಿಮ್ಮ ಜಿಮೇಲ್ ವೆಬ್‌ಸೈಟಿನ ಸಂಪರ್ಕ ಪುಟದಲ್ಲಿ ಇತ್ತಾ? ಇದ್ದರೆ ಅಲ್ಲಿಂದ ಎತ್ತಿಕೊಂಡಿರುತ್ತಾರೆ.

ಅದರಲ್ಲಿರುವ ಲಿಂಕನ್ನು ಒತ್ತದೆ, ಬಲದಿಂದ ಎಡಕ್ಕೆ ಓದಿ. ‘ಹಾಳೆತಟ್ಟೆ ಡಾಟ್ ಇನ್ ಡಾಟ್ ರಿನ್ಯೂ-ಈಗಲೇ ಡಾಟ್ ಕಾಮ್’ ಎಂದಿದ್ದರೆ ಅದು ನಿಮ್ಮ ಹೆಸರಿಗೆ ಸೇರಿದ್ದಲ್ಲ, ‘ರಿನ್ಯೂ-ಈಗಲೇ ಡಾಟ್ ಕಾಮ್’ ಇಟ್ಟುಕೊಂಡವರದ್ದು. ಎಡಗಡೆ ಏನು ಬೇಕಾದರೂ ಬರೆದುಕೊಳ್ಳಲು ಅವರಿಗೆ ಅವಕಾಶ ಇದೆ. ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಲಿಂಕುಗಳೂ ಇದೇ ಉಪಾಯದವು. ಅದಕ್ಕೇ ರಿಸರ್ವ್ ಬ್ಯಾಂಕು ನಮ್ಮ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಹೆಸರಿಗೆ ಹೋಗಬೇಕು ಎಂದು ಹೇಳಿತು. ಆ ಕೊನೆ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ, ಬೇರೆಯವರು ಕೊಳ್ಳಲು ಬರುವುದಿಲ್ಲ.

ಕೊನೆಯದಾಗಿ ಕನ್ನಡದ ಹೆಸರು. ಖಂಡಿತ ಸಿಗುತ್ತದೆ. ‘ಡಾಟ್ ಭಾರತ’ ಎನ್ನುವ ಕೊನೆ ಕನ್ನಡ ಲಿಪಿಯಲ್ಲೇ ಇದೆ, ಅದನ್ನೂ ನಿಕ್ಸಿಯೇ ನೋಡಿಕೊಳ್ಳುತ್ತದೆ. ಒಳಗೊಳಗೆ ಮಾತ್ರ ಡಿಎನ್‌ಎಸ್ ಇವತ್ತಿಗೂ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟರಲ್ಲೇ ಕೆಲಸ ಮಾಡುತ್ತದೆ. ಆದ್ದರಿಂದ ಕನ್ನಡದ ಹೆಸರನ್ನು ಬ್ರೌಸರ್ ‘ಎಕ್ಸ್‌ಎನ್’ ಎಂದು ಶುರುವಾಗುವ ಒಂದು ಅಕ್ಷರಮಾಲೆಯಾಗಿ ಬದಲಿಸಿ ಕೇಳುತ್ತದೆ. ಚುಕ್ಕೆಗಳ ನಡುವಿನ ಒಂದು ಭಾಗ 63 ಅಕ್ಷರ ಮೀರಬಾರದು, ಆ ಲೆಕ್ಕ ಹಾಕುವುದು ಬದಲಾದ ರೂಪದ ಮೇಲೆ. ಹಾಗಾಗಿ ಕನ್ನಡದಲ್ಲಿ ಹೆಸರು ಚಿಕ್ಕದಿದ್ದಷ್ಟೂ ಒಳ್ಳೆಯದು. ಕನ್ನಡ ಮತ್ತು ತೆಲುಗಿನ ಕೆಲವು ಅಕ್ಷರಗಳು ಕಣ್ಣಿಗೆ ಒಂದೇ ಥರ, ಯಂತ್ರಕ್ಕೆ ಬೇರೆ ಬೇರೆ. ಈ ತೊಡಕಿನ ಬಗ್ಗೆ ಅಂತರರಾಷ್ಟ್ರೀಯ ಸಮಿತಿಗಳು ಕೂತು ನಿಯಮ ಮಾಡಿವೆ.

ನನ್ನ ಸಲಹೆ ಕೇಳಿದರೆ, ಕನ್ನಡದ ಹೆಸರನ್ನು ಎರಡನೆಯದಾಗಿ ತೆಗೆದುಕೊಳ್ಳಿ. ಅಂಗಡಿ ಬೋರ್ಡಿನ ಮೇಲೆ, ಡಬ್ಬದ ಮೇಲೆ ಹಾಕಿಸಿ. ಹೊಡೆದವರು ನೇರ ನಿಮ್ಮ ಈಗಿನ ಸೈಟಿಗೇ ಬರುವಂತೆ ತಿರುಗಿಸಿ. ಮೇಲ್ ಮಾತ್ರ ಇಂಗ್ಲಿಷ್ ಹೆಸರಿನಲ್ಲೇ ಇರಲಿ. ಕನ್ನಡದ ಮೇಲ್ ಐಡಿ ಹಾಕಿದರೆ ‘ಸರಿಯಾದ ಇಮೇಲ್ ಕೊಡಿ’ ಎಂದು ವಾಪಸ್ ಕಳಿಸುವ ಫಾರಂಗಳು ಇನ್ನೂ ಬೇಕಾದಷ್ಟಿವೆ. ನಿಮ್ಮ ಗಿರಾಕಿಯ ಖರೀದಿ ವಿಭಾಗದ ಫಾರಂ ಅವುಗಳಲ್ಲಿ ಒಂದಾಗಿದ್ದರೆ ನಷ್ಟ ನಿಮ್ಮದೇ.